ಅರ್ಧ ಮಾತ್ರೆ

ಅವ್ವ ಹಿತ್ತಿಲಲ್ಲಿ ಬಿದ್ದ ಬೆಳಿಗ್ಗೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಕೊರೊನಾನಾ? ಪಕ್ಕದವರು ಕಿಟಕಿಯಿಂದ ಕೇಳಿದರು. ಹಾಲಿನವನು ಬೀದಿಯ ತುದಿಯಲ್ಲೇ ನಿಂತು ಕೇಳಿದ. ಬನ್ನೂರಿನ ಚಿಕ್ಕಪ್ಪ ಫೋನಿನಲ್ಲಿ ಕೇಳಿದರು. ಅವ್ವನ ಬಾಯಿ ಎಡಕ್ಕೆ ಎಳೆದುಕೊಂಡಿತ್ತು, ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು, ಏನೋ ಹೇಳಲು ಹೋಗಿ ಹೇಳಲಾರದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಲಕ್ವ ಹೊಡೆದಿದೆ ಎಂದು ಯಾರಿಗಾದರೂ ಗೊತ್ತಾಗುವ ಹಾಗಿತ್ತು. ಆದರೆ ಆ ದಿನಗಳಲ್ಲಿ ಬೇರೆ ಕಾಯಿಲೆಗಳೆಲ್ಲ ರಜೆ ಹಾಕಿ ಹೋಗಿವೆ ಎಂದು ಜನ ನಂಬಿಬಿಟ್ಟಿದ್ದರು. ಹತ್ತಿರ ಬರಲು ಹೆದರಿದವರನ್ನು ಇವತ್ತು ನಾನು ಬೈಯುವುದಿಲ್ಲ. ಅವತ್ತು ಮಾತ್ರ ಬಾಯಿಗೆ ಬಂದಂತೆ ಬೈದೆ.

ನಾನು ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಮೇಡಂ. ಮನೆ ಇರುವುದು ನಂಜನಗೂಡಿನಲ್ಲಿ, ಹೊಳೆಗೆ ಹತ್ತಿರದ ಹಳೇ ಬೀದಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿಬರುವುದು. ನಾನು ಹುಟ್ಟಿ ಬೆಳೆದ ಮನೆಯೇ ಅದು; ಅಪ್ಪ ಹೋದ ಮೇಲೆ ನಾನೂ ನನ್ನ ಗಂಡನೂ ಬಂದು ಅವ್ವನ ಜೊತೆಗೇ ಇದ್ದೇವೆ. ಬಿ.ಪಿ., ಶುಗರ್ ಎರಡೂ ಅವಳಿಗೆ ಬಹಳ ವರ್ಷದ ನೆಂಟರು. ನಂಜನಗೂಡಿನಲ್ಲಿ ಬೇಕಾದಷ್ಟು ಡಾಕ್ಟರುಗಳಿದ್ದರೂ ನರಸೀಪುರದ ಒಬ್ಬ ಡಾಕ್ಟರ ಕೈಗುಣವೇ ಅವಳಿಗೆ ಒಗ್ಗುವುದು. ಹಾಗಾಗಿ ಸ್ಕೂಲು ಬಿಟ್ಟ ಮೇಲೆ ಅಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ಅವಳ ಮಾತ್ರೆ ತರುವುದು ನನ್ನ ಕೆಲಸವಾಗಿತ್ತು. ಆ ಮಾರ್ಚಿನಲ್ಲಿ ಪರೀಕ್ಷೆಯ ಗಡಿಬಿಡಿಯಲ್ಲಿ ಎಲ್ಲಿ ಮರೆತುಬಿಡುತ್ತೇನೋ ಎಂದು ಒಂದೇ ಸಲ ಜಾಸ್ತಿ ತಂದಿಟ್ಟಿದ್ದೆ. ಅದಾದ ಸ್ವಲ್ಪ ದಿನಕ್ಕೇ ಲಾಕ್‌ಡೌನ್ ಆಯಿತು. ನನ್ನ ಮುಂದಾಲೋಚನೆಯನ್ನು ನಾನೇ ಹೊಗಳಿಕೊಂಡು ಓಡಾಡಿದೆ.

ಆಮೇಲೆ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಕೊರೊನಾ ಹರಡಿ, ನಮ್ಮೂರಿನ ಹೆಸರು ದಿನಾ ಟೀವಿಯಲ್ಲಿ ಬರತೊಡಗಿತು. ನಂಜನಗೂಡಿನವರು ಎಂದರೆ ಸಾಕು, ಮೈಸೂರಿನವರು ಮಾರು ದೂರ ಸರಿಯುತ್ತಿದ್ದರು. ಬೀದಿಯ ಎರಡೂ ತುದಿಗೆ ಬ್ಯಾರಿಕೇಡ್ ಬಿತ್ತು. ಹಾಲು, ತರಕಾರಿ ಮನೆ ಬಾಗಿಲಿಗೆ ಬರುತ್ತಿತ್ತು. ಟೀವಿಯಲ್ಲಿ ಒಂದು ದಿನ ಇಟಲಿಯ ಮುದುಕರನ್ನು ತೋರಿಸಿದರು, ಉದ್ದನೆಯ ವಾರ್ಡಿನಲ್ಲಿ ಸಾಲಾಗಿ ಮಲಗಿಸಿದ್ದರು. ಅಲ್ಲಿ ವಯಸ್ಸಾದವರು ಜಾಸ್ತಿ, ನಮ್ಮದು ಹುಡುಗರ ದೇಶ, ನಮಗೆ ಅಷ್ಟಾಗಿ ತಟ್ಟುವುದಿಲ್ಲ ಎಂದು ಟೈ ಕಟ್ಟಿದವನೊಬ್ಬ ಹೇಳಿದ. ನಾನೂ ಹೂಂ ಎಂದುಕೊಂಡೆ. ನಮ್ಮ ಬೀದಿಯಲ್ಲಿ ಯಾವ ಮನೆಗೆ ಹೋದರೂ ಫ್ರಿಜ್ಜಿನ ಮೇಲೆ ಮಾತ್ರೆಯ ಡಬ್ಬಿ ಇರುತ್ತದೆ, ಅದರ ಪಕ್ಕದಲ್ಲಿ ಒಂದು ಕನ್ನಡಕ ಇರುತ್ತದೆ ಎಂಬುದು ಆಗ ನೆನಪಾಗಲಿಲ್ಲ.

ಒಂದು ದಿನ ಆಶಾ ಕಾರ್ಯಕರ್ತೆ ಬಂದಳು. ಮುಖಕ್ಕೆ ಮಾಸ್ಕು, ತಲೆಗೆ ಸೆರಗು, ಬಿಸಿಲಿಗೆ ಬೆವರು ಇಳಿಯುತ್ತಿತ್ತು. ಅಂಗಳದಲ್ಲೇ ನಿಂತು ಕೇಳಿದಳು. "ವಯಸ್ಸಾದೋರು ಯಾರವ್ರೆ ಮನೇಲಿ? ಶುಗರು, ಬಿಪಿ, ದಮ್ಮು ಏನಾರಾ ಇದ್ರೆ ಏಳ್ಬುಡಿ. ಮಾತ್ರೆ ಬೇಕಂದ್ರೆ ಮನೆಗೇ ತಂದ್ಕೊಡ್ತೀವಿ."

ಒಳಗಿನಿಂದ ಅವ್ವ ನನಗಿಂತ ಮೊದಲೇ ಉತ್ತರ ಕೊಟ್ಟಳು. "ನಂಗೇನೂ ಇಲ್ಲ ಕಣವ್ವ. ಕಲ್ಲುಗುಂಡಂಗಿವ್ನಿ."

ನನಗೆ ನಗು ಬಂತು. ಮುದುಕಿಗೆ ಜಂಬ ಎಂದುಕೊಂಡೆ. ಮಾತ್ರೆ ಹೇಗೂ ಮನೆಯಲ್ಲಿತ್ತಲ್ಲ, ಆ ಬಡಪಾಯಿ ಹೆಂಗಸಿಗೆ ಇನ್ನೊಂದು ಕೆಲಸ ಯಾಕೆ ಎಂದು ಸುಮ್ಮನಾದೆ. ಅವಳು ಮುಂದಿನ ಮನೆಗೆ ಹೋದಳು. ಅಲ್ಲೂ ಯಾರಿಗೂ ಏನೂ ಇರಲಿಲ್ಲವಂತೆ. ಅದರಾಚೆ ಮನೆಯಲ್ಲೂ ಇರಲಿಲ್ಲವಂತೆ. ಇಡೀ ಬೀದಿಯೇ ಕಲ್ಲುಗುಂಡು.

ನಮ್ಮ ಹಿತ್ತಿಲಿಗೂ ಪಕ್ಕದ ಹಿತ್ತಿಲಿಗೂ ನಡುವೆ ಎದೆಮಟ್ಟದ ಗೋಡೆ. ಗೋಡೆಯಾಚೆ ಇರುವ ಮುದುಕಿಯನ್ನು ನಾನು ಚಿಕ್ಕಂದಿನಿಂದ ದೊಡ್ಡವ್ವ ಎನ್ನುತ್ತೇನೆ. ನೆಂಟಸ್ತಿಕೆ ಏನಿಲ್ಲ. ಅವ್ವನಿಗಿಂತ ಸ್ವಲ್ಪ ದೊಡ್ಡವಳು, ಹಾಗಾಗಿ ಅವ್ವ ಅವಳನ್ನು ಅಕ್ಕ ಎನ್ನುತ್ತಾಳೆ. ದೊಡ್ಡವ್ವನ ಮಗ ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಜೊತೆಯವನೊಬ್ಬನಿಗೆ ಕೊರೊನಾ ಬಂದದ್ದೇ ತಡ, ಇವರ ಮನೆಯವರಿಗೆಲ್ಲ ಕೈಗೆ ಮುದ್ರೆ ಒತ್ತಿ, ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿ ಹೋದರು. ಆಮೇಲೆ ಅವರ ಮನೆಯ ಕಡೆ ಕಾಗೆ ಕೂಡ ಹೋಗುವುದಿಲ್ಲ ಎನ್ನುವ ಹಾಗಾಯಿತು.

ಅವ್ವ ಮಾತ್ರ ದಿನಾ ಬೆಳಿಗ್ಗೆ ಗೋಡೆಯ ಹತ್ತಿರ ಹೋಗುತ್ತಿದ್ದಳು. ಹೆಪ್ಪಿಗೆ ಒಂದು ಚಮಚ ಮೊಸರು, ಒಂದು ಹಿಡಿ ಕರಿಬೇವು, ಹೀಗೆ ಏನಾದರೊಂದು ಬಟ್ಟಲಲ್ಲಿಟ್ಟು ಗೋಡೆಯ ಮೇಲಿಡುವುದು, ಹಿಂದೆ ಸರಿಯುವುದು. ದೊಡ್ಡವ್ವ ಬಂದು ತೆಗೆದುಕೊಳ್ಳುವುದು. ನಾನು ರೇಗುತ್ತಿದ್ದೆ. "ದೂರ ನಿಂತ್ಕೊಳವ್ವ, ಅವರ ಮನೇಗೆ ಚೀಟಿ ಅಂಟಿಸಿರೋದು ಚಂದಕ್ಕಲ್ಲ."

"ನಡ್ವೆ ಗೋಡೆ ಐತಲ್ಲವ್ವ, ಇನ್ನೆಷ್ಟು ದೂರ ಓಗ್ಲಿ?" ಎನ್ನುತ್ತಿದ್ದಳು.

ಬಟ್ಟಲು ವಾಪಸ್ಸು ಬಂದ ಕೂಡಲೇ ನಾನು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದೆ, ಮೇಲೆ ಬಿಸಿನೀರು ಸುರಿಯುತ್ತಿದ್ದೆ. ತಿಂಡಿ ಆದಮೇಲೆ, "ಮಾತ್ರೆ ತಗೊಂಡ್ಯಾ?" ಎಂದರೆ, "ಊಂ, ತಗೊಂಡೆ" ಎನ್ನುವ ಉತ್ತರ ಒಂದು ದಿನವೂ ತಪ್ಪಿದ್ದಿಲ್ಲ. ಸ್ಟ್ರಿಪ್ಪುಗಳು ಸರಿಯಾಗಿಯೇ ಖಾಲಿಯಾಗುತ್ತಿದ್ದವು.

ಇಷ್ಟೆಲ್ಲ ಸರಿಯಾಗಿದ್ದಾಗ ಅವ್ವ ಬಿದ್ದಳು.

ನನ್ನ ಗಂಡ ಅವಳನ್ನು ಎತ್ತಿಕೊಂಡು ಬಂದು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಬ್ಯಾರಿಕೇಡಿನಲ್ಲಿ ಪೊಲೀಸಿನವನು ಬಗ್ಗಿ ಅವ್ವನ ಹಣೆಗೆ ಆ ಗನ್ನಿನಂಥ ಥರ್ಮಾಮೀಟರ್ ಹಿಡಿದ. "ಜ್ವರ ಇಲ್ಲ ಸಾ, ಓಗಿ" ಎಂದ. ಅವನ ಮುಖದಲ್ಲಿ ನೆಮ್ಮದಿ ಕಾಣಿಸಿತು. ಬಾಯಿ ಸೊಟ್ಟಗಾಗಿ ಜೊಲ್ಲು ಸುರಿಯುತ್ತಿದ್ದ ಮುದುಕಿಯನ್ನು ನೋಡಿ ಒಬ್ಬನಿಗೆ ನೆಮ್ಮದಿಯಾಗಬಹುದು ಎಂಬುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮೈಸೂರಿನ ಆಸ್ಪತ್ರೆಯ ಬಾಗಿಲಲ್ಲಿ ಊರು ಯಾವುದೆಂದು ಕೇಳಿದರು. ಹೇಳಿದೆ. ಕೇಳಿದವನು ಎರಡು ಹೆಜ್ಜೆ ಹಿಂದೆ ಹೋದ. ಮೊದಲು ಮೂಗಿಗೆ ಕಡ್ಡಿ ಹಾಕಬೇಕು, ಆಮೇಲೆ ಬೇರೆ ಮಾತು ಎಂದರು. ಅವರದೂ ತಪ್ಪಿಲ್ಲ, ಅವರ ಜೀವವೂ ಜೀವವೇ. ಆದರೆ ಕಾದೆವು. ಅವ್ವನ ತಲೆಯೊಳಗೆ ಏನು ನಡೆಯುತ್ತಿತ್ತೋ, ಅದು ನಮ್ಮ ಹಾಗೆ ಕಾಯುತ್ತಿರಲಿಲ್ಲ.

ಕೊನೆಗೆ ರಿಪೋರ್ಟ್ ಬಂತು. ಕೊರೊನಾ ಇಲ್ಲ. ಅದನ್ನು ಹೇಳಿದ ನರ್ಸು ಮಾಸ್ಕಿನ ಹಿಂದೆ ನಕ್ಕಳೆಂದು ಕಣ್ಣಿನಿಂದ ಗೊತ್ತಾಯಿತು. ಚಿಕ್ಕಪ್ಪನಿಗೆ ಫೋನು ಮಾಡಿದರೆ, "ಸದ್ಯ, ಬದುಕಿಕೊಂಡ್ವಲ್ಲ ಮಗ" ಎಂದರು. ಯಾರು ಬದುಕಿಕೊಂಡೆವು ಎಂದು ಕೇಳಬೇಕು ಅನ್ನಿಸಿತು. ಫೋನು ಇಟ್ಟುಬಿಟ್ಟೆ.

ಅಲ್ಲಿನ ಡಾಕ್ಟರು ಮೊದಲು ಕೇಳಿದ್ದು, "ಮಾತ್ರೆ ಸರಿಯಾಗಿ ತಗೋತಿದ್ರಾ?" ಎಂದು. "ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ" ಎಂದೆ. ಸ್ಕೂಲಿನಲ್ಲಿ ಮಕ್ಕಳಿಗೆ ಹೇಳುವ ಗಟ್ಟಿ ದನಿಯಲ್ಲೇ ಹೇಳಿದೆ.

ಅವ್ವ ಉಳಿದಳು. ಬಲಗಾಲು ಸ್ವಲ್ಪ ಸ್ವಲ್ಪವಾಗಿ ಹಿಡಿತಕ್ಕೆ ಬರಬಹುದು ಎಂದರು, ಮಾತಿನ ಬಗ್ಗೆ ಮಾತ್ರ ಏನೂ ಭರವಸೆ ಕೊಡಲಿಲ್ಲ. ಅವಳಿಗೆ ನಾವು ಹೇಳಿದ್ದು ಅರ್ಥವಾಗುತ್ತದೆ, ವಾಪಸ್ಸು ಹೇಳಲು ಮಾತು ಸಿಗುವುದಿಲ್ಲ ಎಂದು ವಿವರಿಸಿದರು. ನಮ್ಮವ್ವ ಎಂಥ ಮಾತುಗಾತಿ ಎಂಬುದು ಅವರಿಗೇನು ಗೊತ್ತು? ನರಸೀಪುರದ ಬಸ್ಸಿನಲ್ಲಿ ಸುತ್ತೂರು ದಾಟುವುದರೊಳಗೆ ಪಕ್ಕದ ಸೀಟಿನವಳ ಮೂರು ತಲೆಮಾರಿನ ಕತೆ ಕೇಳಿ, ತನ್ನದನ್ನೂ ಹೇಳಿ ಮುಗಿಸುವವಳು. ಅಂಥವಳು ನೀರು ಬೇಕಾದರೆ ಲೋಟದ ಕಡೆ ನೋಡುವ ಹಾಗಾದಳು. ನಾನು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ಮನೆಗೆ ಬಂದಮೇಲೆ ಗಾಳಿ ಬರಲಿ ಎಂದು ಅವಳ ಮಂಚವನ್ನು ಹಿತ್ತಿಲ ಬಾಗಿಲ ಹತ್ತಿರ ಹಾಕಿದೆವು. ಆ ಹೊತ್ತಿಗೆ ದೊಡ್ಡವ್ವನ ಮನೆಯ ಚೀಟಿ ತೆಗೆದಿದ್ದರು, ಅವರ ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಆದರೂ ಅವಳು ಒಳಗೆ ಬರಲಿಲ್ಲ. ಗೋಡೆಯಾಚೆಯೇ ನಿಂತು ಅವ್ವನನ್ನು ನೋಡುತ್ತಿದ್ದಳು. ಒಂದು ಬೆಳಿಗ್ಗೆ ನಾನು ಅವ್ವನ ತಲೆ ಎತ್ತಿ ಬಿ.ಪಿ. ಮಾತ್ರೆ ಬಾಯಿಗೆ ಹಾಕಿ ನೀರು ಕುಡಿಸಿದೆ. ಗೋಡೆಯ ಕಡೆಯಿಂದ ದನಿ ಬಂತು.

"ಪೂರ್ತಿನೇ ಕೊಟ್ಯೇನವ್ವ?"

"ಮಾತ್ರೆ ಅಂದ್ರೆ ಪೂರ್ತಿ ತಾನೆ ದೊಡ್ಡವ್ವ?"

"ಅವ್ಳು ಅರ್ದ ಅಲ್ವಾ ತಗೋತಿದ್ದದ್ದು?"

ನನಗೆ ಅರ್ಥವಾಗಲಿಲ್ಲ. "ಯಾವ ಅರ್ಧ?" ಎಂದೆ. ದೊಡ್ಡವ್ವನ ಮುಖ ಬಿಳಿಚಿಕೊಂಡಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಗೋಡೆಯ ಹತ್ತಿರ ಹೋದೆ.

"ನಿಂಗೊತ್ತಿಲ್ವಾ?" ಎಂದಳು. "ನನ್ ಮಾತ್ರೆ ಮುಗ್ದೋಗಿತ್ತು ಕಣವ್ವ. ಆಸ್ಪತ್ರೆಗೆ ಓಗನ ಅಂದ್ರೆ ಬಾಗ್ಲಲ್ಲಿ ಚೀಟಿ. ತಲೆ ಗಿರ್ ಅಂತಿತ್ತು, ನಿಂತ್ಕಳಕ್ಕೂ ಆಯ್ತಿರ್ನಿಲ್ಲ. ನಿಮ್ಮವ್ವ ನೋಡುದ್ಲು. ಅಡಕತ್ತರೀಲಿ ಕತ್ತರ್ಸಿ, ಎಲೆ ಚೂರ್ನಲ್ಲಿ ಸುತ್ತಿ, ಎಪ್ಪಿನ ಬಟ್ಲು ಜೊತೇಲಿ ಮಡುಗ್ತಿದ್ಲು. ದಿನಾನೂ ಮಡುಗುದ್ಲು."

ನಾನು ಸೋಪು ಹಾಕಿ ಉಜ್ಜಿದ ಬಟ್ಟಲು. ನಾನು ಬಿಸಿನೀರು ಸುರಿದು ಇಲ್ಲದ ಹುಳವನ್ನು ತೊಳೆದ ಬಟ್ಟಲು. ಅದರ ಪಕ್ಕದಲ್ಲೇ ನನ್ನ ಅವ್ವನ ಅರ್ಧ ಆಯುಸ್ಸು ವೀಳ್ಯದೆಲೆಯಲ್ಲಿ ಮಡಚಿಕೊಂಡು ಗೋಡೆ ದಾಟುತ್ತಿತ್ತು.

"ಶುಗರ್ ಮಾತ್ರೆ?" ಎಂದು ಕೇಳಿದೆ.

ಶುಗರ್ ಮಾತ್ರೆ ಗಿರಣಿಮನೆಯ ಅಜ್ಜನಿಗೆ ಹೋಗುತ್ತಿತ್ತಂತೆ, ಅದೂ ಅರ್ಧ. ನಮ್ಮ ಬೀದಿಯ ಹಿಟ್ಟಿನ ಗಿರಣಿ ಅವರದು. ಅವ್ವನಿಂದ ದೊಡ್ಡವ್ವನಿಗೆ, ದೊಡ್ಡವ್ವನ ಹಿತ್ತಿಲಿನಿಂದ ಅವರ ಹಿತ್ತಿಲಿಗೆ. ಆ ಅಜ್ಜನ ಕಾಲ್ಬೆರಳು ಕಪ್ಪಾಗಿ, ಮೊನ್ನೆಯಷ್ಟೇ ಮೈಸೂರಿನಲ್ಲಿ ತೆಗೆಸಿಕೊಂಡು ಬಂದಿದ್ದರು. ಚಪ್ಪಲಿ ಕಚ್ಚಿ ಹೀಗಾಯಿತು ಎಂದು ಮನೆಯವರು ಹೇಳಿದ್ದನ್ನು ನಾವೆಲ್ಲ ನಂಬಿದ್ದೆವು.

ನಮ್ಮ ಕಡೆ ಹೆಪ್ಪು ಕೇಳಿಬಂದವರಿಗೆ ಇಲ್ಲ ಅನ್ನುವುದಿಲ್ಲ. ಮನೆಯಲ್ಲಿ ಒಂದೇ ಚಮಚ ಮೊಸರಿದ್ದರೂ ಅದರಲ್ಲಿ ಅರ್ಧ ಕೊಟ್ಟರೆ ಇಬ್ಬರ ಮನೆಯಲ್ಲೂ ಬೆಳಗಾಗುವುದರೊಳಗೆ ಪಾತ್ರೆ ತುಂಬ ಮೊಸರಾಗುತ್ತದೆ. ಜೀವಮಾನವಿಡೀ ಅದನ್ನು ಕಂಡವರಿಗೆ ಮಾತ್ರೆಯೂ ಹಾಗೆಯೇ ಅನ್ನಿಸಿದೆ. ಸ್ವಲ್ಪ ಇದ್ದರೂ ಸಾಕು, ಹೊಟ್ಟೆಗೆ ಬಿದ್ದರೆ ಅದರ ಗುಣ ಅದು ಮಾಡುತ್ತದೆ.

"ಆಶಾದೋಳು ಬಂದು ಕೇಳಿದ್ಲಲ್ಲ ದೊಡ್ಡವ್ವ. ಮಾತ್ರೆ ಮನೆಗೇ ತಂದ್ಕೊಡ್ತೀವಿ ಅಂದ್ಲಲ್ಲ. ಯಾಕೆ ಹೇಳ್ಲಿಲ್ಲ?"

"ಎಂಗವ್ವ ಏಳನೆ? ಶುಗರು ಬಿಪಿ ಇರೋರ್ನ ಮೊದ್ಲು ಎತ್ತಾಕ್ಕೊಂಡೋಯ್ತಾರೆ, ಓದೋರು ವಾಪಸ್ ಬರಕಿಲ್ಲ ಅಂತಿದ್ರು. ಎಣಾನೂ ಕೊಡಕಿಲ್ವಂತೆ. ಕೂರ್ಸಿ, ಇಬೂತಿ ಬಳ್ದು ಮಣ್ಣು ಮಾಡೋರು ನಾವು. ಪ್ಲಾಸ್ಟಿಕ್ಕಲ್ಲಿ ಸುತ್ತಿ ಗುಂಡಿಗೆ ಎಸೀತಾರಂತೆ ಕಣವ್ವ. ಅದ್ಕೇ ಯಾರೂ ಏಳ್ಬಾರ್ದು ಅಂತ ನಾವ್‌ನಾವೇ ಮಾತಾಡ್ಕಂಡಿದ್ವಿ."

ಅಂದರೆ ಇಡೀ ಬೀದಿಯ ಮುದುಕ ಮುದುಕಿಯರು ಸೇರಿ ತಮಗೆ ಕಾಯಿಲೆಯೇ ಇಲ್ಲವೆಂದು ತೀರ್ಮಾನ ಮಾಡಿಕೊಂಡಿದ್ದರು. ಸಾಯುವುದಕ್ಕೆ ಅವರಿಗೆ ಅಷ್ಟು ಹೆದರಿಕೆ ಇರಲಿಲ್ಲ, ಹೇಗೆ ಮಣ್ಣು ಮಾಡುತ್ತಾರೆ ಎಂಬುದೇ ಹೆದರಿಕೆ. ಕಾಯಿಲೆಯೇ ಇಲ್ಲದ ಬೀದಿಗೆ ಯಾರು ಮಾತ್ರೆ ತರುತ್ತಾರೆ? ಇದ್ದಿದ್ದು ನಮ್ಮ ಮನೆಯಲ್ಲಿ, ನಾನು ಮುಂದಾಲೋಚನೆಯಿಂದ ತಂದಿಟ್ಟದ್ದು. ಅದು ಮೂರು ಮನೆಗೆ ಹಂಚಿಹೋಯಿತು. ಗೋಡೆಯ ಈಚೆ ನಿಂತು ನನಗೆ ಸಿಟ್ಟು, ಅಳು, ನಗು ಮೂರೂ ಒಟ್ಟಿಗೆ ಬಂದವು. ಹಿಂತಿರುಗಿ ನೋಡಿದರೆ ಮಂಚದ ಮೇಲಿಂದ ಅವ್ವ ನೋಡುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ಮುಖ ಅಲ್ಲ ಅದು. ಇದರಲ್ಲಿ ಅಷ್ಟು ಕೂಗಾಡುವುದೇನಿದೆ ಎನ್ನುವ ಮುಖ.

ನರಸೀಪುರದ ಡಾಕ್ಟರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಇದ್ರಿಂದಲೇ ಸ್ಟ್ರೋಕ್ ಆಯ್ತು ಅಂತ ನಾನು ಹೇಳಕ್ಕಾಗಲ್ಲ ಮೇಡಂ. ಇದ್ರಿಂದ ಅಲ್ಲ ಅಂತಲೂ ಹೇಳಕ್ಕಾಗಲ್ಲ" ಎಂದರು. ಆಮೇಲೆ ಅವರೇ ಮುಂದುವರಿಸಿದರು. ಅವರಲ್ಲಿಗೆ ಬರುತ್ತಿದ್ದ ವಯಸ್ಸಾದವರಲ್ಲಿ ಎಷ್ಟೋ ಜನ ಆ ದಿನಗಳಲ್ಲಿ ಕಾಣಿಸಲೇ ಇಲ್ಲವಂತೆ. ಬಂದವರು ತಡವಾಗಿ ಬಂದರಂತೆ. ದೊಡ್ಡ ದೊಡ್ಡ ದೇಶಗಳಲ್ಲೂ ಇದೇ ಪಾಡು, ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತದೆಂದು ಹೆದರಿ, ಎದೆನೋವು ಬಂದವರು ಕೂಡ ಮನೆಯಲ್ಲೇ ಕೂತರು ಎಂದರು. ನಾನು ಟೀವಿಯ ಕಡೆ ನೋಡಿದೆ. ಕೆಳಗಡೆ ಕೆಂಪು ಪಟ್ಟಿಯಲ್ಲಿ ಅವತ್ತಿನ ಸಾವಿನ ಲೆಕ್ಕ ಓಡುತ್ತಿತ್ತು. ಅವ್ವ ಆ ಲೆಕ್ಕದಲ್ಲಿರಲಿಲ್ಲ, ಗಿರಣಿ ಅಜ್ಜನ ಬೆರಳೂ ಇರಲಿಲ್ಲ. ರೋಗ ನಮ್ಮ ಬೀದಿಗೆ ಕಾಲಿಟ್ಟೇ ಇರಲಿಲ್ಲ. ಕಾಲಿಡದೆಯೇ ಇಷ್ಟು ಮಾಡಿ ಹೋಗಿತ್ತು. ನನಗೆ ಇವತ್ತಿಗೂ ಜೀರ್ಣವಾಗದ ಸಂಗತಿ ಇದು.

ಬಸ್ಸು ಶುರುವಾದ ಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ ದೊಡ್ಡವ್ವನ ಮಾತ್ರೆಗಳನ್ನೂ ತಂದು ಅವಳ ಕೈಗಿಟ್ಟದ್ದು. "ದಿನಾ ಒಂದು, ಪೂರ್ತಿ ಒಂದು" ಎಂದು ಕ್ಲಾಸಿನ ಮಕ್ಕಳಿಂದ ಹೇಳಿಸುವ ಹಾಗೆ ಬಾಯಿಬಿಟ್ಟು ಹೇಳಿಸಿದೆ. ಹೇಳಿದಳು. ಗೋಡೆಯಾಚೆಯಿಂದ ಅವ್ವನನ್ನು ನೋಡುವುದು ಹಾಗೇ ನಡೆದಿತ್ತು. ಅವ್ವ ಅವಳನ್ನು ಕಂಡರೆ ಎಡಗೈ ಎತ್ತುತ್ತಿದ್ದಳು, ಅಷ್ಟೇ. ಸ್ಪೀಚ್ ಥೆರಪಿಯವರು ಫೋನಿನ ವಿಡಿಯೋದಲ್ಲಿ ಹೇಳಿಕೊಟ್ಟದ್ದನ್ನೆಲ್ಲ ನಾನು ಅವಳಿಂದ ಮಾಡಿಸುತ್ತಿದ್ದೆ. ನೀರು ಅನ್ನವ್ವ. ಅನ್ನ ಅನ್ನವ್ವ. ನನ್ನ ಹೆಸರು ಹೇಳವ್ವ. ತುಟಿ ನಡುಗುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಒಂದು ಭಾನುವಾರ ದೊಡ್ಡವ್ವ ಮೊದಲ ಸಲ ಮನೆಯೊಳಗೆ ಬಂದಳು. ಹೊಸಿಲು ದಾಟುವಾಗ ಗೋಡೆ ಹಿಡಿದುಕೊಂಡಳು. ಮುಖ ಕೆಂಪಗೆ ಊದಿಕೊಂಡಿತ್ತು. ಸೆರಗಿನ ಮರೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು, ಅದನ್ನು ಅವ್ವನ ಮಂಚದ ಮೇಲಿಟ್ಟಳು. ಮುಚ್ಚಳ ತೆಗೆದು ನೋಡಿದೆ. ಮಾತ್ರೆಗಳು. ನಾನು ತಂದುಕೊಟ್ಟ ಮಾತ್ರೆಗಳೇ, ಸ್ಟ್ರಿಪ್ಪಿನಿಂದ ಬಿಡಿಸಿ ತುಂಬಿದ್ದಳು. ಒಂದನ್ನೂ ಅವಳು ಮುಟ್ಟಿರಲಿಲ್ಲ.

"ಏನಿದು ದೊಡ್ಡವ್ವ?"

"ಇಸ್ಕಂಡಿದ್ದು ತಿರ್ಗ ಕೊಡ್ಬೇಕಲ್ವೇನವ್ವ. ರಾಗಿಹಿಟ್ಟು ಇಸ್ಕಂಡ್ರೆ ಪಾವಿನ ತಲೆ ಸವರಿ ಕೊಡ್ತೀವಾ? ಗೋಪುರ ಮಾಡಿ ತಾನೆ ಕೊಡೋದು. ಅವ್ಳಿಗೆ ಕೊಡು. ಜಾಸ್ತಿ ತಗಂಡ್ರೆ ಬೇಗ ಮಾತು ಬರ್ಬೋದು."

ಮನೆಯಲ್ಲಿದ್ದ ಬಿ.ಪಿ. ಮೆಷಿನ್ನನ್ನು ಅವಳ ತೋಳಿಗೆ ಕಟ್ಟಿದೆ. ಅಂಕಿ ಏರುತ್ತಲೇ ಹೋಯಿತು. ಮೆಷಿನ್ ಕೆಟ್ಟಿರಬೇಕೆಂದು ನನ್ನ ತೋಳಿಗೆ ಕಟ್ಟಿ ನೋಡಿದೆ, ಕೆಟ್ಟಿರಲಿಲ್ಲ. ಮತ್ತೆ ಅವಳಿಗೆ ಕಟ್ಟಿದೆ. ಇನ್ನೂ ಏರಿತು. ಕಾರು ತೆಗೆಯಿರಿ ಎಂದು ಗಂಡನಿಗೆ ಕೂಗಿ ಹೇಳಿ, ಡಾಕ್ಟರಿಗೆ ಫೋನು ಮಾಡಿದೆ. ಅವಳ ಮಾತ್ರೆಯನ್ನು ಈಗಲೇ ಕೊಟ್ಟು ಕರೆದುಕೊಂಡು ಬನ್ನಿ ಎಂದರು. ಡಬ್ಬಿಯಿಂದ ಒಂದು ತೆಗೆದು ಅವಳ ಬಾಯಿಯ ಹತ್ತಿರ ಹಿಡಿದೆ. ಹಲ್ಲು ಕಚ್ಚಿಕೊಂಡು ಮುಖ ತಿರುಗಿಸಿದಳು. ನಾನು ಬೈದೆ, ಕಾಲು ಹಿಡಿದೆ, ಮತ್ತೆ ಬೈದೆ.

"ಬ್ಯಾಡ ಕಣವ್ವ," ಎಂದಳು. "ಅವ್ಳ ಮಾತೆಲ್ಲ ನನ್ ಒಟ್ಟೇಲಿ ಕುಂತದೆ. ಇನ್ನ ನಾನು ತಗಳಕಿಲ್ಲ."

ಮಂಚ ಕಿರುಗುಟ್ಟಿತು. ಅವ್ವ ಎಡಗೈ ಊರಿಕೊಂಡು ಮೇಲೇಳಲು ನೋಡುತ್ತಿದ್ದಳು. ಕತ್ತಿನ ನರ ಉಬ್ಬಿತ್ತು, ಮುಖವೆಲ್ಲ ಕೋಪ. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ನುಂಗಕ್ಕ."

ಮಾತು ತೊದಲಾಗಿತ್ತು. ಆದರೆ ಮಾತೇ. ದೊಡ್ಡವ್ವ ನನ್ನ ಅಂಗೈಯಿಂದ ಮಾತ್ರೆ ತೆಗೆದುಕೊಂಡು ನೀರಿಗೂ ಕಾಯದೆ ಬಾಯಿಗೆ ಹಾಕಿಕೊಂಡಳು. ಆಮೇಲೆ ಸಣ್ಣ ಮಗುವಿನ ಹಾಗೆ ಬಾಯಿ ತೆರೆದು ಅವ್ವನಿಗೆ ತೋರಿಸಿದಳು. ಅವ್ವ ತಲೆಯಾಡಿಸಿ ಮತ್ತೆ ದಿಂಬಿಗೆ ಒರಗಿದಳು.

ದೊಡ್ಡವ್ವನನ್ನು ಕಾರಿಗೆ ಹತ್ತಿಸಿ ಕಳಿಸಿದೆ. ಓಡಿಬಂದು ಅವ್ವನ ಪಕ್ಕ ಕೂತು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಸಲ ಮಾತಾಡವ್ವ, ನನ್ನನ್ನ ಕರೆಯವ್ವ ಎಂದು ಗೋಗರೆದೆ. ಅವಳು ಪ್ರಯತ್ನಪಟ್ಟಳು, ಅದು ನನಗೆ ಕಾಣುತ್ತಿತ್ತು. ದೊಡ್ಡವ್ವ ಈಗ ಚೆನ್ನಾಗಿದ್ದಾಳೆ, ದಿನಾ ಬೆಳಿಗ್ಗೆ ಬಂದು ಅವ್ವನ ಎದುರಿಗೇ ಮಾತ್ರೆ ತೆಗೆದುಕೊಂಡು ಹೋಗುತ್ತಾಳೆ. ಅವ್ವನ ಬಾಯಿಗೆ ನನ್ನ ಹೆಸರು ಇನ್ನೂ ಬಂದಿಲ್ಲ.